ಹಿತ್ತಲ ಕೊಳದ ನೀರು

ಬಳ್ಳಾರಿ
೯ ಮಾರ್ಚ್ ೨೦೨೫

ಪ್ರೀತಿಯ ಹಂಪಮ್ಮ,

ನೀನೂ ಮನೆಯವರೂ ಆರಾಮವಾಗಿದ್ದೀರೆಂದು ನಂಬಿದ್ದೇನೆ. ಇಷ್ಟು ತಿಂಗಳು ನಿನ್ನ ಫೋನ್ ಎತ್ತಲಿಲ್ಲ. ಬೈದುಕೊಂಡಿರುತ್ತೀ, ಬೈದದ್ದು ಸರಿಯೇ. ಈಗಲೂ ನಿನ್ನ ದನಿ ಕೇಳಿದರೆ ಹೇಳಬೇಕಾದ್ದು ಹೇಳಲಾರೆನೆಂದು ಕಾಗದ ಹಿಡಿದಿದ್ದೇನೆ.

ನಾವು ಮನೆ ಬದಲಿಸಿದೆವು. ಕುರುಗೋಡು ರಸ್ತೆಯ ಕಡೆ, ಹಿತ್ತಲಲ್ಲಿ ಪುಟ್ಟ ಈಜುಕೊಳವಿರುವ ಮನೆ! ನಗುತ್ತಿದ್ದೀಯಾ? ನಾನು ಜಗಳವಾಡಿದೆ. "ಈ ವಯಸ್ಸಿನಾಗ ನಮಗ್ಯಾಕ್ರಿ ಇದು?" ಎಂದೆ. ನಮ್ಮ ಮನೆಯವರು, "ಸಣ್ಣಾಕಿದ್ದಾಗ ಹಂಪಮ್ಮನ ಜೋಡಿ ರಾರಾವಿ ಹೊಳಿಯಾಗ ಮೀನಿನಂಗ ಈಜಾಡ್ತಿದ್ದಾಕಿ ನೀನ ಅಲ್ಲೇನು?" ಎಂದರು.

ಬೋರ್‌ವೆಲ್ ನೀರು ತುಂಬಿಸಿದ್ದೇ ತಡ, ಪಾಚಿ ಕಟ್ಟಿ ಹಸಿರಾಯಿತು. ಇವರು ಕ್ಲೋರಿನ್ ಪುಡಿ ಸುರಿದರು. ನೀರು ಮಜ್ಜಿಗೆಯಂತಾಯಿತು. ಮತ್ತಷ್ಟು ಸುರಿದರು. ಕೈ ಅದ್ದಿದರೆ ಚರ್ಮ ಚುರುಗುಟ್ಟುತ್ತಿತ್ತು. "ಇಂಥಾ ನೀರಿಗೆ ನಿನ್ನ ಹೆಂಗ ಇಳಸಲಿ?" ಎಂದು ಮೆಟ್ಟಿಲ ಮೇಲೆ ಕುಸಿದು ಕುಳಿತರು. ಆ ಮುಖ ನೋಡಿ ನನ್ನ ಹಟ ಸಡಿಲವಾಯಿತು.

ಶಾಲೆಯಲ್ಲಿ ವಿಜ್ಞಾನ ಕಲಿಸಿದವಳಲ್ಲವೇ! ಸಣ್ಣ ಕೊಳವೆಯಲ್ಲಿ ನೀರು ಹಿಡಿದು, ಪರೀಕ್ಷೆಯ ಹನಿ ಬಿಟ್ಟೆ. ಕಡು ಗುಲಾಬಿ ಬಣ್ಣ.

"ಪುಡಿ ನಿಲ್ಲಸ್ರಿ. ನೀರಿನಾಗ ಕ್ಷಾರ ಜಾಸ್ತಿ ಐತಿ. ಅದು ಇಳಿಯೋತನಕ ಕ್ಲೋರಿನ್ ಸರಿಯಾಗಿ ಕೆಲಸ ಮಾಡಂಗಿಲ್ಲ. ಆಸಿಡ್ ಬೇಕು."

"ಆಸಿಡ್? ನೀ ಇಳಿಯೋ ನೀರಿಗೆ?"

"ಅಳತಿ ಮೀರಿದ್ರ ತಪ್ಪು. ಬಕೆಟ್ ತುಂಬ ನೀರಿಗೆ ಇಷ್ಟೇ ಇಷ್ಟು ಬೆರಸಿ ಹಾಕೋಣ."

ಇವರು ನನ್ನನ್ನು ಹತ್ತಿರ ಬಿಡಲಿಲ್ಲ. ಪಂಪು ಓಡಿಸಿ, ಕೈಗವಸು ತೊಟ್ಟು ತಾವೇ ಹಾಕಿದರು. ನಾನು ದೂರ ಕುಳಿತು ಕೊಳವೆಯಲ್ಲಿನ ಬಣ್ಣ ನೋಡಿದೆ. ಅವಸರ ಮಾಡಲಿಲ್ಲ. ಸ್ವಲ್ಪ ಹಾಕುವುದು, ನೀರು ಬೆರೆಯಲು ಬಿಡುವುದು, ಮತ್ತೆ ನೋಡುವುದು. ಗುಲಾಬಿ ಮಾಸಿ ಕಿತ್ತಳೆಯ ಕಡೆ ತಿರುಗಿತು, ಕ್ಷಾರ ಇಳಿದಿತ್ತು. ಬಿಸಿಲಿಗೆ ಕ್ಲೋರಿನ್ ಸತ್ತುಹೋಗುತ್ತದೆಂದು ಅದನ್ನು ಹೊತ್ತಿಳಿದ ಮೇಲೆ ಹಾಕಿದೆವು. ಒಂದು ಬೆಳಿಗ್ಗೆ ನೋಡಿದರೆ ತಳದ ನೀಲಿ ಹಾಸು ಕಾಣುತ್ತಿತ್ತು, ಅದರ ಮೇಲೊಂದು ಬೇವಿನೆಲೆ. ಚಪ್ಪಾಳೆ ತಟ್ಟಿಬಿಟ್ಟೆ. ಬಹಳ ದಿನಗಳ ಮೇಲೆ ಇಬ್ಬರೂ ಒಂದೇ ವಿಷಯಕ್ಕೆ ನಕ್ಕೆವು.

ಕ್ಲೋರಿನ್ ಇಳಿದ ಮೇಲೂ ನಾನು ಕಾಲಷ್ಟೇ ಬಿಟ್ಟು ಕುಳಿತೆ. ಇವರು ಒತ್ತಾಯ ಮಾಡಲಿಲ್ಲ. "ನಾ ಒಳಗ ಹೋಗಿ ಬಾಗಿಲಾ ಹಾಕ್ಕೊಂತೀನಿ. ನಿನಗ ಹೆಂಗ ಅನಸ್ತೈತೋ ಹಂಗ ಮಾಡು" ಎಂದು ಹೋದರು. ಇಳಿದೆ. ಎಡಗೈ ಪೂರ್ತಿ ಮೇಲೇಳುವುದಿಲ್ಲ, ಆದರೂ ಆಚೆ ದಂಡೆ ಮುಟ್ಟಿದೆ. ಅಂಗಾತ ತೇಲಿದಾಗ ಕಿವಿಗೆ ನೀರು ತುಂಬಿ ಊರಿನ ಸದ್ದೆಲ್ಲ ನಿಂತಿತು.

ನಿನ್ನ ಮಗಳು ಜಯಶ್ರೀಗೂ ಅಳಿಯನಿಗೂ ನನ್ನ ಆಶೀರ್ವಾದ. ಅವರ ಮನೆಯಲ್ಲಿ ನಗು ತುಂಬಿರಲಿ. ಬೇಸಿಗೆಯಲ್ಲಿ ನೀನು ಬಾ. ಸಿರುಗುಪ್ಪದಲ್ಲಿ ಬಸ್ಸು ಹತ್ತು, ಇವರು ನಿಲ್ದಾಣಕ್ಕೆ ಬರುತ್ತಾರೆ.

ನಿನ್ನ
ಶಾಂಭವಿ

ತಾ. ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಜಯಶ್ರೀಯ ಮದುವೆಯ ವಾರ ನಾನು ಆಸ್ಪತ್ರೆಯಲ್ಲಿದ್ದೆ. ಕ್ಯಾನ್ಸರ್. ಎಡ ಮೊಲೆ ತೆಗೆದರು. ಈಗ ಭಯವಿಲ್ಲ ಎನ್ನುತ್ತಾರೆ ಡಾಕ್ಟರು. ಮದುವೆ ಮನೆಗೆ ಈ ಸುದ್ದಿ ಬೇಡವೆಂದುಕೊಂಡೆ. ಆಮೇಲೆ ಹೇಳಲು ಧೈರ್ಯ ಸಾಲಲಿಲ್ಲ. ಇವರೊಬ್ಬರನ್ನು ಬಿಟ್ಟು ಮನೆಯ ಯಾರಿಗೂ ಆ ಜಾಗ ತೋರಿಸಿಲ್ಲ. ನೀನು ಬಂದರೆ ತೋರಿಸುತ್ತೇನೆ. ಅಳು ಬಂದರೆ ಅಳು ಹಂಪಿ, ಮುಖ ಮಾತ್ರ ಆಚೆ ತಿರುಗಿಸಬೇಡ.