ಭಾವ ಮುಟ್ಟದ ಗೇರ್

ಭಾವ,

ಚೆನ್ನಾಗಿದ್ದೀರಾ ಅಂತ ಕೇಳಿ ಶುರು ಮಾಡೋಣ ಅಂದುಕೊಂಡಿದ್ದೆ. ಆಮೇಲೆ ಹೋದವರನ್ನು ಹಾಗೆ ಕೇಳಬಹುದೋ ಬಾರದೋ ಗೊತ್ತಾಗಲಿಲ್ಲ. ಅದೂ ಅಲ್ಲದೆ ನನಗೀಗ ನಿಮ್ಮ ಮೇಲೆ ವಿಪರೀತ ಸಿಟ್ಟು ಬಂದಿದೆ. ಡೆಂಗ್ಯೂ ಬಂದು ಮೈ ಸುಡುತ್ತಿದ್ದರೂ ಇದೆಲ್ಲ ಒಂದು ಜ್ವರಾನಾ ಅಂತ ಶೆಡ್ಡಿಗೆ ಬಂದು ಮಶೀನ್ ಮುಂದೆ ನಿಂತಿರಲ್ಲ, ಆಮೇಲೆ ಆಸ್ಪತ್ರೆಯಿಂದ ವಾಪಸ್ಸೇ ಬರಲಿಲ್ಲವಲ್ಲ, ಆ ಸಿಟ್ಟು ಬೇರೆ. ಅದನ್ನು ಅಕ್ಕ ನೋಡಿಕೊಳ್ಳುತ್ತಾಳೆ. ಇದು ಸೈಕಲ್ಲಿನ ವಿಷಯ.

ಅದನ್ನು ತಂದ ದಿನ ನೆನಪಿದೆಯಾ? ಪೀಣ್ಯ ಸೆಕೆಂಡ್ ಸ್ಟೇಜಿನ ನಮ್ಮ ಶೆಡ್ ಮುಂದೆ ನಿಲ್ಲಿಸಿ, ಟೈರಿನ ಕೆಳಗೆ ನಿಂಬೆಹಣ್ಣಿಟ್ಟು, ಕಾಯಿ ಒಡೆದು, ಹಿಂದಿನ ಗೇರುಗಳಿಗೆಲ್ಲ ಕುಂಕುಮ ಮೆತ್ತಿದಿರಿ. ಚೆಂಡುಹೂವಿನ ಹಾರ ಚೈನಿಗೆ ಸಿಕ್ಕಿಕೊಂಡಿತು. ಎಸಳು ಕೀಳುತ್ತಾ ಕೂತವನು ನಾನು. ನೀವು ಹಲ್ಲು ಎಣಿಸುತ್ತಾ ಕೂತಿರಿ. ಹಿಂದಿನ ಹಲ್ಲುಚಕ್ರಗಳಲ್ಲಿ ಅತಿ ಚಿಕ್ಕದಕ್ಕೆ ಹನ್ನೊಂದು, ಅತಿ ದೊಡ್ಡದಕ್ಕೆ ಮೂವತ್ತೆರಡು. ಚಿಕ್ಕದಕ್ಕೆ ಚೈನ್ ಹಾಕಿದರೆ ತುಳಿತ ಭಾರ, ದೊಡ್ಡದಕ್ಕೆ ಹಾಕಿದರೆ ಹಗುರ, ಏರಿಗೆ ಬೇಕಾಗುತ್ತೆ ಅಂತ ನಾನು ಹೇಳೋಕೆ ಬಂದೆ. ಜೀವಮಾನವೆಲ್ಲ ಗೇರ್ ಹಲ್ಲು ಕೊರೆದವರಿಗೆ ನಾನೇನು ಹೇಳೋದು, ಅಲ್ವಾ? ಆ ಮೂವತ್ತೆರಡು ಹಲ್ಲಿನದನ್ನು ಬೆರಳಲ್ಲಿ ತಟ್ಟಿ, ಶೆಡ್ಡಿನ ಎಲ್ಲರ ಮುಂದೆ ಹೇಳಿದಿರಿ.

"ಇದು ಕೈಲಾಗದೋರಿಗೆ ಕಣೋ ಮಂಜ. ಇದನ್ನ ನಾನು ಮುಟ್ಟಲ್ಲ."

ಅಲ್ಲಿಗೆ ಮುಗಿಯಿತು. ನೀವು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು.

ಊಟದ ಹೊತ್ತಲ್ಲಿ ನೀವು ನನಗೆ ಬೇರಿಂಗ್ ಪಾಠ ಮಾಡಿದ್ದು ನೆನಪಾದರೆ ಈಗಲೂ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತೆ. ಮಂಡಿ ಅಂದರೆ ಬೇರಿಂಗ್ ಇದ್ದ ಹಾಗೆ, ಅದಕ್ಕೆ ಇಷ್ಟೇ ಸುತ್ತು ಅಂತ ಆಯಸ್ಸು ಇರುತ್ತೆ, ಹಗುರ ಗೇರ್ ಹಾಕಿ ಗಿರಗಿರ ತುಳಿದರೆ ಬೇಗ ಖರ್ಚಾಗುತ್ತೆ, ಭಾರದ ಗೇರಲ್ಲಿ ನಿಧಾನಕ್ಕೆ ತುಳಿದರೆ ಬಾಳಿಕೆ ಬರುತ್ತೆ! ಲೋಕದಲ್ಲಿ ಇಂಥ ಲೆಕ್ಕ ಹಾಕೋರು ಗೇರ್ ಶೆಡ್ಡಿನವರು ಬಿಟ್ಟರೆ ಇನ್ಯಾರು? ಅಲ್ಲ ಭಾವ, ಸುತ್ತು ಜಾಸ್ತಿಯಾದರೆ ಬೇರಿಂಗ್ ತಡೆಯುತ್ತೆ, ಲೋಡ್ ಜಾಸ್ತಿಯಾದರೆ ತಡೆಯಲ್ಲ ಅಂತ ನನಗೆ ಹೇಳಿಕೊಟ್ಟವರು ಯಾರು? ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಅದೇ ಶೆಡ್ಡಿನಲ್ಲಿ, ಅದೇ ಸ್ಟೂಲ್ ಮೇಲೆ ಕೂತು... ಹೋಗಲಿ ಬಿಡಿ. ಅವತ್ತು ಅದನ್ನೇ ನೆನಪಿಸಿದ್ದಕ್ಕೆ ಮುದ್ದೆ ಕಡೆ ನೋಡಿಕೊಂಡು ಸಾರು ಚೆನ್ನಾಗಿದೆ ಅಂದಿರಿ.

ಭಾನುವಾರಗಳನ್ನು ನೆನೆಸಿಕೊಳ್ಳುತ್ತೇನೆ. ಬೆಳಕು ಹರಿಯುವಾಗ ನಾಗಸಂದ್ರದಿಂದ ಹೊರಟು, ತುಮಕೂರು ರಸ್ತೆಯಲ್ಲಿ ನೆಲಮಂಗಲ ದಾಟಿ, ಡಾಬಸ್‌ಪೇಟೆಯಲ್ಲಿ ತಿರುಗಿ, ಶಿವಗಂಗೆ ಬೆಟ್ಟದ ಬುಡಕ್ಕೆ. ಪ್ರತಿ ಸಿಗ್ನಲ್ಲಿನಲ್ಲೂ ಅದೇ ನಾಟಕ. ಹಸಿರು ಬಿದ್ದ ಮೇಲೆ ಭಾರದ ಗೇರಲ್ಲಿ ಎದ್ದು ನಿಂತು, ಹಲ್ಲು ಕಚ್ಚಿ ತುಳಿಯುತ್ತಾ ನೀವು ಹೊರಡುವಷ್ಟರಲ್ಲಿ ಹಿಂದಿನ ಲಾರಿಯವನು ನಿಮ್ಮ ವಂಶವನ್ನೆಲ್ಲ ಬೈದಿರುತ್ತಿದ್ದ. ನಿಲ್ಲುವ ಮುಂಚೆ ಹಗುರ ಮಾಡಿಕೊಳ್ಳಿ, ಏರು ಶುರುವಾಗೋ ಮುಂಚೆ ಬದಲಾಯಿಸಿ, ನಡುವೆ ಅಲ್ಲ, ಅಂತ ನಾನು ಹೇಳಿ ಹೇಳಿ ಬಾಯಿ ನೋಯಿಸಿಕೊಂಡೆ. ಸರಿಯಾದ ವೇಗ ಅಂದರೆ ಕಾಲು ಹಗುರವಾಗಿ ತಿರುಗಬೇಕು, ಸೀಟಿನ ಮೇಲೆ ಕುಪ್ಪಳಿಸಬಾರದು, ಪಕ್ಕದವನ ಜೊತೆ ಮಾತಾಡೋಕೆ ಉಸಿರು ಉಳಿದಿರಬೇಕು. ಅಷ್ಟೇ ತಾನೇ? ಅದಕ್ಕೆ ನೀವು ನನಗೆ ಇಟ್ಟ ಹೆಸರು ಹೊಲಿಗೆ ಮಶೀನ್. "ಏನೋ, ಎಷ್ಟು ರವಿಕೆ ಆಯ್ತು?" ಅಂತ ದಾರಿಯುದ್ದಕ್ಕೂ ಕೇಳುತ್ತಿದ್ದಿರಿ.

ಬೆಟ್ಟದ ಬುಡಕ್ಕೆ ಮುಂಚೆ ಆ ಏರು ಬರುತ್ತಲ್ಲ, ಅದರ ಕೆಳಗಿನ ಹುಣಸೆಮರದ ಹತ್ತಿರ ನಿಮಗೆ ಯಾವಾಗಲೂ ಒಂದು ಫೋನ್. ಭಾನುವಾರ ಬೆಳಗ್ಗೆ ಯಾವ ಗಿರಾಕಿ ಫೋನ್ ಮಾಡ್ತಾನೆ ಅಂತ ನಾನು ಒಂದು ದಿನವೂ ಯೋಚಿಸಲಿಲ್ಲ ನೋಡಿ. ನೀನು ಹೋಗ್ತಿರು, ಬರ್ತೀನಿ ಅಂತ ಕೈ ಆಡಿಸುತ್ತಿದ್ದಿರಿ. ನಾನು ಮೇಲಿನ ಟೀ ಅಂಗಡಿಗೆ ಹೋಗಿ ಎರಡು ಟೀ ಹೇಳುತ್ತಿದ್ದೆ. ನಿಮ್ಮದು ಆರಿ ಕೆನೆ ಕಟ್ಟಿದ ಮೇಲೆ ನೀವು ತಿರುವಿನಲ್ಲಿ ಕಾಣಿಸುತ್ತಿದ್ದಿರಿ, ಭಾರದ ಗೇರಲ್ಲಿ, ನಿಧಾನಕ್ಕೆ, ಗತ್ತಾಗಿ. ಇಷ್ಟು ದೊಡ್ಡ ಏರು ಈ ಗೇರಲ್ಲಿ ಹತ್ತಿದ ಮನುಷ್ಯ ಏದುಸಿರು ಬಿಡುತ್ತಿಲ್ಲವಲ್ಲ ಅಂತ ಅಂಗಡಿಯವನೂ ಬೆರಗಾಗುತ್ತಿದ್ದ.

ಒಮ್ಮೆ ಚೈತ್ರಾಳನ್ನೂ ಕರೆದುಕೊಂಡು ಬಂದಿರಿ. ಕಾಲೇಜಿನ ಕೊನೆಯ ವರ್ಷ ಅವಳು. ಅವಳ ಸೈಕಲ್ಲಿನಲ್ಲೂ ಹಗುರ ಗೇರ್ ಮುಟ್ಟಬೇಡ ಅಂದಿರಿ. ಮಗಳು ಪಕ್ಕದಲ್ಲಿದ್ದಳು ಅಂತ ಅವತ್ತು ಫೋನ್ ಬರಲಿಲ್ಲ. ನೀವು ನಿಂತು ತುಳಿದು ಹತ್ತಿದಿರಿ, ಅವಳು ಅರ್ಧಕ್ಕೆ ಇಳಿದು ತಳ್ಳಿಕೊಂಡು ಬಂದಳು. ನನ್ನ ಮಗಳಾಗಿ ಇಳಿದುಬಿಟ್ಟೆಯಲ್ಲ ಅಂದಿರಿ. ನಕ್ಕೇ ಅಂದಿರಿ, ಒಪ್ಪುತ್ತೇನೆ. ಅವಳು ಮತ್ತೆ ನಮ್ಮ ಜೊತೆ ಬರಲಿಲ್ಲ. ಆ ವಾರವೆಲ್ಲ ನಿಮ್ಮ ಮಂಡಿಯಿಂದ ನೋವಿನ ಮುಲಾಮಿನ ವಾಸನೆ ಬರುತ್ತಿತ್ತು, ಕೇಳಿದರೆ ಮಶೀನಿನ ಬೆಡ್ ತಗುಲಿತು ಅಂದಿರಿ.

ನೀವು ಹೋದ ಮೇಲೆ ಅವಳು ನಿಮ್ಮ ಸೈಕಲ್ ಹೊರಗೆ ತೆಗೆದಳು. ಎತ್ತರದಲ್ಲಿ ನಿಮ್ಮದೇ ಅಳತೆ, ಸೀಟು ಸರಿಸುವ ಕೆಲಸವೂ ಇರಲಿಲ್ಲ. ಜಾಲಹಳ್ಳಿ ಕಡೆ ಅವಳ ಆಫೀಸಿಗೆ ದಿನಾ ಅದರಲ್ಲೇ. ಯಾವ ಗೇರಲ್ಲಿ ಅಂತ ಕೇಳಬೇಕಾ? ನೀವು ಬಿಟ್ಟುಹೋದ ಗೇರಲ್ಲೇ. ಬಲಮಂಡಿ ಊದಿಕೊಂಡಿತು. ಹೀಗೇ ತುಳಿದರೆ ಸೈಕಲ್ಲನ್ನೇ ಮರೆಯಬೇಕಾಗುತ್ತೆ ಅಂದರು ಡಾಕ್ಟರು. ನಾನು ಗದರಿದೆ, ಗೋಗರೆದೆ, ನಿಮ್ಮ ಬೇರಿಂಗ್ ಪಾಠವನ್ನು ತಿರುಗಿಸಿ ಹೇಳಿದೆ.

"ಅಪ್ಪ ಒಂದಿನಾನೂ ಆ ಗೇರ್ ಮುಟ್ಟಿಲ್ಲ ಮಾವ. ಒಂದ್ ಸಲ ಆ ಏರು ಇಳೀದೆ ಹತ್ತಬೇಕು. ಆಮೇಲೆ ಬೇಕಾದ್ರೆ ಬಿಟ್ಬಿಡ್ತೀನಿ."

ಅಪ್ಪನಿಗಿಂತ ಮಗಳು ಮೇಲು. ಯಾರಿಗೆ ಹೇಳೋಣ?

ಈ ಸಲ ಆಯುಧಪೂಜೆಗೆ ಮನೆಯಲ್ಲಿ ಏನೂ ಇರಲಿಲ್ಲ, ವರ್ಷ ತುಂಬಿಲ್ಲವಲ್ಲ. ಆದರೆ ಮಶೀನ್‌ಗಳೇನು ಪಾಪ ಮಾಡಿವೆ, ಶೆಡ್ಡಿನಲ್ಲಿ ಮಾಡಿ ಅಂದಳು ಅಕ್ಕ. ಸೈಕಲ್ಲನ್ನೂ ಅಲ್ಲಿಗೇ ಕಳಿಸಿದಳು. ಹಿಂದಿನ ಗಾಲಿ ಬಿಚ್ಚಿ, ಗೇರುಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಬ್ರಷ್ ಹಾಕಿ ಉಜ್ಜಿದೆ. ಕಪ್ಪು ಎಣ್ಣೆಜಿಡ್ಡು ಹೋಗಿ ಹಲ್ಲು ಕಂಡವು. ಸವೆದ ಹಲ್ಲು ನೋಡುವುದೇ ನನ್ನ ಕೆಲಸ, ನೀವೇ ಕಲಿಸಿದ ಕೆಲಸ. ಅತಿ ಚಿಕ್ಕದು ಸವೆದಿತ್ತು, ಅದು ಸರಿ. ನಡುವಿನವೆಲ್ಲ ಡಬ್ಬಿಯಿಂದ ಈಗ ತೆಗೆದ ಹಾಗಿದ್ದವು. ಮೂವತ್ತೆರಡರದು...

ಮೂವತ್ತೆರಡರ ಹಲ್ಲು ಸವೆದು ಬೆಳ್ಳಗೆ ಹೊಳೆಯುತ್ತಿತ್ತು ಭಾವ.

ಅದೂ ಒಂದೇ ಪಕ್ಕ. ಅಂದರೆ ಮುಂದೆ ಪೆಡಲ್ ಹತ್ತಿರದ ಹಲ್ಲುಚಕ್ರಗಳಲ್ಲೂ ಚೈನ್ ದೊಡ್ಡದರಲ್ಲೇ ಬಿಟ್ಟು, ಹಿಂದೆಯೂ ದೊಡ್ಡದಕ್ಕೆ ಹಾಕಿ, ಚೈನನ್ನು ಓರೆಯಾಗಿ ಎಳೆಸಿಕೊಂಡು ತುಳಿದಿದ್ದೀರಿ. ಎಷ್ಟು ಭಾನುವಾರವೋ ಏನೋ. ಕದ್ದು ಮಾಡಿದ್ದನ್ನಾದರೂ ಸರಿಯಾಗಿ ಮಾಡಬಾರದಾ? ಮುಂದೆ ಚಿಕ್ಕದಕ್ಕೆ ಹಾಕಿಕೊಂಡಿದ್ದರೆ ಇನ್ನೂ ಹಗುರವಾಗುತ್ತಿತ್ತಲ್ಲ! ನಡುವಿನ ಗೇರ್ ಒಂದೂ ನಿಮಗೆ ಬೇಡವಾಯಿತು, ಜಗಳದಲ್ಲೂ ಹಾಗೇ ಇದ್ದಿರಿ, ಈ ಕೊನೆ ಇಲ್ಲ ಆ ಕೊನೆ. ನೆಲದ ಮೇಲೆ ಕೂತು ನಕ್ಕೆ. ಆಮೇಲೆ ಹುಣಸೆಮರ ನೆನಪಾಯಿತು, ಆ ಫೋನು ನೆನಪಾಯಿತು, ಆರಿದ ಟೀ ನೆನಪಾಯಿತು. ನಾನು ಮರೆಯಾಗುವವರೆಗೆ ಕಿವಿಗೆ ಫೋನ್ ಇಟ್ಟುಕೊಂಡು ನಿಂತು, ಹಗುರ ಗೇರಲ್ಲಿ ಆರಾಮಾಗಿ ಹತ್ತಿ, ತಿರುವು ಬರುವ ಮುಂಚೆ ಮತ್ತೆ ಭಾರಕ್ಕೆ ಹಾಕಿಕೊಂಡು... ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದು, ಅಲ್ವಾ? ನನ್ನ ಹತ್ತಿರ ಏನು ಮೀಸೆ ಭಾವ?

ಅಕ್ಕನಿಗೆ ಮೊದಲು ಹೇಳಿದೆ. ಮಗಳಿಗೆ ಹೇಳಬೇಡ, ಹೋದವರ ಮರ್ಯಾದೆ ಯಾಕೆ ತೆಗೀತೀಯ ಅಂದಳು. ಎರಡು ದಿನ ನನಗೂ ಹಾಗೇ ಅನಿಸಿತು. ಚೈತ್ರಾಳಿಗೆ ಉಳಿದಿರುವುದೇ ನಿಮ್ಮ ನೆನಪು, ಅದಕ್ಕೆ ನಾನ್ಯಾಕೆ ಕೈ ಹಾಕಲಿ? ಆದರೆ ಅವಳು ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವುದನ್ನು ನೋಡಿದೆ. ನಿಮ್ಮ ಮರ್ಯಾದೆಗೆ ಅವಳ ಮಂಡಿ ಕೊಡುವುದಕ್ಕೆ ನನ್ನಿಂದ ಆಗಲಿಲ್ಲ. ಬೈಯುವುದಿದ್ದರೆ ನನ್ನನ್ನೇ ಬೈಯಿರಿ.

ಅವಳನ್ನು ಶೆಡ್ಡಿಗೆ ಕರೆದು, ಆ ಗೇರನ್ನು ಇನ್ಸ್‌ಪೆಕ್ಷನ್ ಟೇಬಲ್ಲಿನ ಲೆನ್ಸ್ ಕೆಳಗೆ ಇಟ್ಟು ತೋರಿಸಿದೆ. ಹುಣಸೆಮರದ ಕಥೆ ಹೇಳಿದೆ. ಅವಳು ಬಹಳ ಹೊತ್ತು ಆ ಹಲ್ಲುಗಳ ಮೇಲೆ ಬೆರಳಾಡಿಸಿದಳು. ನಗುತ್ತಾಳೆ ಅಂದುಕೊಂಡಿದ್ದೆ.

"ನಂಗೊಬ್ಬಳಿಗೇ ಆಗಲ್ಲ ಅಂದ್ಕೊಂಡಿದ್ದೆ ಮಾವ," ಅಂದಳು. "ಇಷ್ಟು ವರ್ಷ. ಅಪ್ಪ ಒಂದ್ ಮಾತು ಹೇಳ್ಬೋದಿತ್ತಲ್ವಾ?"

ಹೇಳಬಹುದಿತ್ತು. ನೀವೇ ಹೇಳಿದ್ದರೆ ಅವಳು ನಗುತ್ತಿದ್ದಳು. ಅವಳು ಅತ್ತಳು, ನಿಮ್ಮ ಮೇಲೆ ರೇಗಿಕೊಂಡೇ ಅತ್ತಳು. ನೀವು ಹೋದ ದಿನವೂ ಅಷ್ಟು ಅತ್ತಿರಲಿಲ್ಲ. ನನಗೂ ತಡೆಯಲಾಗಲಿಲ್ಲ. ನೀವಿಲ್ಲದ್ದು ನನಗೆ ಬಹಳ ಕಷ್ಟವಾಗಿದೆ ಭಾವ, ಬೈಯುತ್ತಾ ಬೈಯುತ್ತಾ ಅದನ್ನು ಹೇಳುವುದೇ ಮರೆತಿದ್ದೆ.

ಮಂಡಿಯ ಊತ ಇಳಿಯುವ ತನಕ ಸೈಕಲ್ಲಿಗೆ ಬೀಗ. ಡಾಕ್ಟರು ಸರಿ ಅಂದ ಮೇಲೆ, ಮೊನ್ನೆ ಭಾನುವಾರ, ನಾವಿಬ್ಬರೂ ಹೋದೆವು. ಸಿಗ್ನಲ್ಲಿಗೆ ಮುಂಚೆ ಗೇರ್ ಇಳಿಸಿಕೊಂಡಳು. ದಾರಿಯುದ್ದಕ್ಕೂ ಮಾತಾಡಿದಳು. ಹುಣಸೆಮರದ ಹತ್ತಿರ ನಿಂತು ನೀನು ಹೋಗ್ತಿರು ಮಾವ ಅಂತ ಕೈ ಆಡಿಸಿದಳು, ಥೇಟ್ ನಿಮ್ಮ ಹಾಗೇ. ಮತ್ತೆ ಹಟ ಹತ್ತಿತೋ ಏನೋ ಅಂದುಕೊಂಡೇ ಮೇಲೆ ಹೋಗಿ, ಎರಡು ಟೀ ಹೇಳಿ, ತಿರುವಿನ ಕಡೆ ನೋಡುತ್ತಾ ನಿಂತೆ.

ನೀವು ಗೇರ್ ವಾಪಸ್ ಹಾಕಿಕೊಳ್ಳುತ್ತಿದ್ದಿರಲ್ಲ, ಆ ತಿರುವಿನಲ್ಲಿ ಅವಳು ಹಾಕಲಿಲ್ಲ. ಟೀ ಅಂಗಡಿಯವನು, ಬಸ್ಸಿಗೆ ಕಾದವರು, ಬೆಟ್ಟಕ್ಕೆ ಬಂದವರು, ಎಲ್ಲರೂ ನೋಡುತ್ತಿದ್ದ ಹಾಗೇ ಸೀಟಿನ ಮೇಲೆ ನೆಟ್ಟಗೆ ಕೂತು, ಹೊಲಿಗೆ ಮಶೀನ್ ತುಳಿದ ಹಾಗೆ ತುಳಿಯುತ್ತಾ ಬಂದಳು. ಇಳಿಯಲಿಲ್ಲ. ಅವಳ ಕೈಗೆ ಕೊಟ್ಟಾಗ ಟೀ ಇನ್ನೂ ಬಿಸಿಯಾಗಿತ್ತು ಭಾವ.

ನಿಮ್ಮ
ಮಂಜ