ಮೊದಲು ಎಣಿಕೆ, ಆಮೇಲೆ ಚೀಟಿ

ಜೂನ್ 3, ಬೆಳಿಗ್ಗೆ

ಬಟನ್ ಒತ್ತಿ ಕೂತಿದ್ದೇನೆ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇದೆ. ಆಸ್ಪತ್ರೆಯಿಂದ ನಮ್ಮ ಲಾಂಡ್ರಿಗೆ ಒಗೆಯಲು ಬಂದ ಬೆಡ್‌ಶೀಟುಗಳಲ್ಲಿ ವಾಪಸ್ ಕಳಿಸಿದ್ದನ್ನು ಕಳೆದು, ಯಾವ ವಾರ್ಡಿಗೆ ಎಷ್ಟು ಬಾಕಿ ಎಂಬ ರಿಪೋರ್ಟ್. ಅದು ಬಂದ ಮೇಲೇ ವ್ಯಾನ್ ತುಂಬುವುದು. ಡ್ರೈವರ್ ಕಿಟಕಿಯಲ್ಲಿ ತಲೆ ಹಾಕಿದ. "ಏನಮ್ಮಾ, ನಿನ್ನ ಕಂಪ್ಯೂಟರೂ ಬಟ್ಟೆ ಒಗೀತಾ ಇದ್ಯಾ?" ನಕ್ಕುಬಿಟ್ಟೆ.

ಮ್ಯಾನೇಜರ್ ಹೇಳಿಯೇಬಿಟ್ಟರು— ರಿಪೋರ್ಟಿನಲ್ಲಿ ಆಯಾ ವಾರ್ಡಿನ ನರ್ಸ್ ಹೆಸರೂ ಬೇಕು, ಬೇಗವೂ ಬರಬೇಕು. ತಿಂಗಳ ಕೊನೆಯೊಳಗೆ ಆಗದಿದ್ದರೆ ನಾನು ಮತ್ತೆ ಇಸ್ತ್ರಿ ಮೇಜಿಗೆ.

ಆಗುತ್ತದೆ. ಕಂಪ್ಯೂಟರ್ ಕೆಲಸದ ಅಕ್ಕ, ಚಿಕ್ಕಮ್ಮನ ಮಗಳು, ಕಲಿಸಿದ್ದು ಕಮ್ಮಿಯೇನಲ್ಲ. ಮ್ಯಾನೇಜರ್ ಎದುರು ಹಾಗೆನ್ನಲು ಬಾಯಿ ಬರಲಿಲ್ಲ, ಅಷ್ಟೆ.

ಜೂನ್ 9

ನರ್ಸ್ ಹೆಸರು ಸೇರಿಸಿದೆ. ಇನ್ನೂ ನಿಧಾನವಾಯಿತು. ಸಾಲದ್ದಕ್ಕೆ ಮಕ್ಕಳ ವಾರ್ಡಿಗೆ ಎರಡು ಪಟ್ಟು ಶೀಟು ಹೊರಟಿತು. ಮೇಸ್ತ್ರಿ ತಡೆದ. "ಮಕ್ಕಳು ಮಲಗೋಕಾ, ಡೇರೆ ಹಾಕೋಕಾ?" ಇಡೀ ಹಾಲ್ ನಕ್ಕಿತು. ಕಿವಿಯೆಲ್ಲ ಬಿಸಿ.

ಅಕ್ಕನಿಗೆ ಫೋನ್ ಮಾಡಿದೆ.

"ನಿನ್ನ ಪಟ್ಟೀಲಿ ಆ ವಾರ್ಡಿಗೆ ಮಾತ್ರ ಹಗಲಿಗೊಬ್ಬಳು, ರಾತ್ರಿಗೊಬ್ಬಳು ನರ್ಸ್ ಇದಾರೆ ತಾನೇ? ಒಂದೊಂದು ಶೀಟನ್ನೂ ಇಬ್ಬರ ಹೆಸರಲ್ಲೂ ಎಣಿಸಿದೀಯ ಕಣೇ."

"ಹಾಗಾದ್ರೆ ಏನ್ ಮಾಡ್ಲಿ?"

"ಎಲ್ಲಾ ನಾನೇ ಹೇಳಿದ್ರೆ ಸಂಬಳಾನೂ ನಂಗೇ ಕೊಡು."

ಜೂನ್ 17

ಕಂಪ್ಯೂಟರ್ ಬೇಗ ಹುಡುಕಲೆಂದು, ಪುಸ್ತಕದ ಕೊನೆಯ ಪದಸೂಚಿಯ ಹಾಗೆ, ಇಂಡೆಕ್ಸ್ ಹಾಕಿ ನೋಡಿದ್ದಾಯಿತು. ಸ್ವಲ್ಪ ಚುರುಕಾಯಿತು, ಸಾಲದು.

ಊಟವಾದ ಮೇಲೆ ಹಳೆಯ ಇಸ್ತ್ರಿ ಮೇಜಿಗೆ ಹೋದೆ. ಕೈ ತಾನಾಗಿ ಮಡಿಸತೊಡಗಿತು. ಮಡಿಸಿ, ವಾರ್ಡಿಗೊಂದು ಕಟ್ಟು ಕಟ್ಟಿ, ಕಟ್ಟಿಗೊಂದು ಚೀಟಿ. ಒಂದೊಂದು ಶೀಟಿಗೂ ಚೀಟಿ ಅಂಟಿಸುವ ಹುಚ್ಚರು ಯಾರಿದ್ದಾರೆ…

ನಾನೇ. ರಿಪೋರ್ಟ್ ತರಲು ನಾನು ಬರೆದ ಕ್ವೆರಿ ಲಕ್ಷಾಂತರ ಶೀಟುಗಳಿಗೆ ವಾರ್ಡಿನ ಹೆಸರು, ನರ್ಸ್ ಹೆಸರು ಅಂಟಿಸಿ, ಆಮೇಲೆ ಎಣಿಸುತ್ತಿದೆ.

ಮೊದಲು ಬರೀ ವಾರ್ಡ್ ನಂಬರಿನ ಮೇಲೆ ಗ್ರೂಪ್ ಬೈ, ಅಂದರೆ ವಾರ್ಡಿಗೊಂದು ಕಟ್ಟು ಮಾಡಿ ಎಣಿಕೆ. ನರ್ಸ್‌ಗಳನ್ನೂ ವಾರ್ಡಿಗೊಂದೇ ಸಾಲು ಮಾಡುವುದು. ಹೆಸರು ಜೋಡಿಸುವುದು ಆಮೇಲೆ.

ಜೂನ್ 18, ಬೆಳಿಗ್ಗೆ

ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ರಿಪೋರ್ಟ್ ಬಂತು. ಮಕ್ಕಳ ವಾರ್ಡು ಸರಿ, ಇಬ್ಬರು ನರ್ಸೂ ಒಂದೇ ಸಾಲಿನಲ್ಲಿ. ಮೇಸ್ತ್ರಿ ಕಟ್ಟು ಎಣಿಸಿ ನೋಡಿ, "ಇವತ್ತು ಡೇರೆ ಇಲ್ಲ" ಎಂದ. ಡ್ರೈವರ್‌ಗೆ ಟೀ ಮುಗಿಸಲೂ ಬಿಡುವಾಗಲಿಲ್ಲ. ಗೊಣಗಿಕೊಂಡೇ ಹೊರಟ.

ಮಧ್ಯಾಹ್ನ

ಹೊಸ ರಿಪೋರ್ಟ್ ತೋರಿಸಲು ಮ್ಯಾನೇಜರ್ ಆಸ್ಪತ್ರೆಯವರನ್ನೂ ಇವತ್ತೇ ಕರೆತರುತ್ತಾರಂತೆ. ಹೇಗೆ ಮಾಡಿದೆ ಎಂದು ಎಲ್ಲರೆದುರು ನಾನೇ ಹೇಳಬೇಕು. ನೀನು ಬಾರೇ ಎಂದರೆ ಅಕ್ಕ ಒಪ್ಪಲಿಲ್ಲ. "ನಿನ್ನ ಕೆಲಸ, ನಿನ್ನ ಬಾಯಿ."

ಕೈಯಲ್ಲಿ ಒಂದು ಶೀಟು, ಒಂದು ಚೀಟಿ ಇಟ್ಟುಕೊಂಡಿದ್ದೇನೆ. ತೋರಿಸಿ ಹೇಳಿದರಾಯಿತು. ಗೋಡೆಗೆ ಹೇಳಿ ನೋಡಿದೆ, ದನಿ ನಡುಗಲಿಲ್ಲ. ಮೆಟ್ಟಿಲ ಮೇಲೆ ಶೂ ಸದ್ದು. ಬಂದರು. "ಸರ್, ಮೊದಲು ಎಣಿಕೆ, ಆಮೇಲೆ—"