ಖಣಿಯ ಆಚೆ ದಂಡೆ

ನನ್ನ ಅಕ್ಕಾ,

ಪಂಚಮಿ ಬಂದು ಹೋಯಿತು. ತವರಿಗೆ ಬರುವುದು ಬಿಟ್ಟು ಎಲ್ಲಿ ಹೋಗಿ ಕುಳಿತಿದ್ದೀಯೆ? ಬೇವಿನ ಮರಕ್ಕೆ ಈ ವರ್ಷವೂ ಜೋಕಾಲಿ ಕಟ್ಟಿದ್ದರು, ನಾನು ಆ ಕಡೆ ಹಾಯಲಿಲ್ಲ. ನಿನ್ನ ಮೇಲೆ ನನಗಿನ್ನೂ ಸಿಟ್ಟಿದೆ. ಆದರೂ ಒಂದು ಸುದ್ದಿ ಇದೆ, ಅದನ್ನು ನಿನಗಲ್ಲದೆ ಇನ್ನಾರಿಗೆ ಹೇಳಲಿ?

ಭಂಕೂರಿನ ನಮ್ಮ ಹೊಲದ ಬಾವಿ ನೆನಪಿದೆಯಾ? ನನ್ನ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಮೆಟ್ಟಿಲ ಮೇಲಿಂದ ನೂಕಿದವಳು ನೀನು. "ಏ, ಕೂಸಿನ್ನ ಕೊಲ್ತೀ ಏನ!" ಎಂದು ಅವ್ವ ಮೇಲೆ ನಿಂತು ಕೂಗಿದರೆ, ನೀನು ಕಚ್ಚೆ ಬಿಗಿದು ನನ್ನ ಹಿಂದೆಯೇ ಹಾರಿದ್ದೆ. ಬೇಸಿಗೆ ಮುಗಿಯುವಷ್ಟರಲ್ಲಿ ಬುರುಡೆ ಬಿಚ್ಚಿಸಿದೆ. ಬಾವಿಯ ಈಜಿಗೆ ಅವ್ವನ ತಕರಾರು ಇರಲಿಲ್ಲ. ಕಲ್ಲು ತೆಗೆದು ಬಿಟ್ಟ ಹಳೆಯ ಖಣಿಗಳ ಮಾತೆತ್ತಿದರೆ ಮಾತ್ರ ಹೌಹಾರುತ್ತಿದ್ದಳು.

ಚಿಂಚೋಳಿಗೆ ಮದುವೆಯಾಗಿ ಹೋದವಳು ಮೊದಲ ಪಂಚಮಿಗೆ ಬಂದಾಗ, ಗೆಳತಿಯರೆಲ್ಲ ಜೋಕಾಲಿಯಲ್ಲಿದ್ದರೆ ನೀನು ನನ್ನನ್ನು ಎಳೆದುಕೊಂಡು ಹೋದದ್ದು ಅಂಥದೊಂದು ಖಣಿಗೇ. ಅವ್ವನಿಗೆ ಹೊಲಕ್ಕೆ ಹೋಗುತ್ತೇವೆಂದು ಹೇಳಿದ್ದೆವು. ಮಳೆನೀರು ತುಂಬಿ ಕೆರೆಯಷ್ಟು ಅಗಲವಾಗಿತ್ತು. ಬಾವಿಯಲ್ಲಿ ಹುಲಿಯಾಗಿದ್ದವನು ಅಲ್ಲಿ ಇಲಿಯಾದೆ. ನಾಲ್ಕು ಕೈ ಹೊಡೆಯುವಷ್ಟರಲ್ಲಿ ಮೈ ತಾನಾಗಿ ಒಂದು ಕಡೆ ಹೊರಳುತ್ತಿತ್ತು, ಇಲ್ಲದ ಗೋಡೆಯನ್ನು ಹುಡುಕಿಕೊಂಡು. ನೀನು ನೀರು ಕುಡಿಯುವಷ್ಟು ನಕ್ಕೆ.

"ಬಾವ್ಯಾಗ ಕಲ್ತಾವ ನೀ, ಗಾಣದೆತ್ತಿನಂಗ ಸುತ್ತಾಕತ್ತಿ ನೋಡು! ಇಲ್ಲಿ ಗ್ವಾಡಿ ಇಲ್ಲ ತಮ್ಮಾ. ಆಚಿ ದಂಡಿ ಮ್ಯಾಗ ಒಂದು ಗುರ್ತ ಹಿಡ್ಕೋ. ಆಗಾಗ ತೆಲಿ ಎತ್ತಿ ಅದನ್ನಷ್ಟ ನೋಡು."

"ದಮ್ಮು ಹತ್ತಿದ್ರ?"

"ಅಂಗಾತ ಮಲಗು. ನೀರೇನು ಓಡಿ ಹೋಗ್ತದೇನು?"

ಮೊದಲು ದಂಡೆಗುಂಟ, ಆಮೇಲೆ ಒಂದು ಮಾರು ಒಳಗೆ, ಮರುವರ್ಷ ಇನ್ನೂ ಒಂದಿಷ್ಟು ಒಳಗೆ. ನೀನು ಯಾವಾಗಲೂ ನನ್ನ ಬಲಕ್ಕೆ, ಆಳದ ಕಡೆ. ಹೆದರಿಕೆಯಾದರೆ ಹೊರಳಿ ನೋಡುತ್ತಿದ್ದೆ, ಹಲ್ಲು ಕಿಸಿದ ನಿನ್ನ ಮುಖ ಅಲ್ಲಿ ಇದ್ದೇ ಇರುತ್ತಿತ್ತು. ನೀನೊಬ್ಬಳೇ ಆದರೆ ಆಚೆ ದಂಡೆ ಮುಟ್ಟಿ ಬರುತ್ತಿದ್ದೆ. ನಾನು ಮಾತ್ರ ನಡುನೀರಿಗೆ ಹೋಗಿ ತಿರುಗಿಬಿಡುತ್ತಿದ್ದೆ.

ಕೊನೆಯ ಪಂಚಮಿಗೆ ಬಂದಾಗ ನೀನು ನೀರಿಗಿಳಿಯಲಿಲ್ಲ. "ಮೈಯಾಗ ಕಸುವಿಲ್ಲೋ, ಇವತ್ತ ನೀ ಒಬ್ಬನ ಹೋಗು" ಎಂದು ಕಲ್ಲಿನ ಮೇಲೆ ಕುಳಿತೆ. ನಾನು ಹೋದೆ. ನಡುವಿನಲ್ಲಿ ಬಲಕ್ಕೆ ನೋಡಿದರೆ ಬರೀ ನೀರು. ವಾಪಸು ಬಂದೆ. "ಇರ್ಲಿ ಬಿಡು, ಬರೋ ಪಂಚಮಿಗಿ ಇಬ್ರೂ ಕೂಡಿ ದಾಟೂಣು" ಎಂದೆ ನೀನು. ಕಾಮಾಲೆ ಪಂಚಮಿಯ ತನಕ ಕಾಯುತ್ತದೆಯೇ, ಅಕ್ಕಾ? ಸೀಗಿ ಹುಣ್ಣಿಮೆಯ ಹೊತ್ತಿಗೆ ಚಿಂಚೋಳಿಯಿಂದ ಆಳು ಬಂದ. ನಾವು ಅಲ್ಲಿಗೆ ಮುಟ್ಟುವಷ್ಟರಲ್ಲಿ ನಿನಗೆ ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಅಷ್ಟು ಸುಮ್ಮನೆ ಕುಳಿತ ನಿನ್ನನ್ನು ನಾನು ಯಾವತ್ತೂ...

ಹೋಗಲಿ. ಈ ಶ್ರಾವಣದಲ್ಲಿ ಶಹಾಬಾದಿನ ನಮ್ಮ ಕಾರ್ಖಾನೆಯ ಹುಡುಗರು ಹೊಸ ಹುಚ್ಚಾಟ ತೆಗೆದರು. ಖಣಿ ಈಜಿ ದಾಟಬೇಕು, ಒದ್ದೆ ಮೈಯಲ್ಲೇ ಸೈಕಲ್ ಹತ್ತಿ ವಾಡಿಗೆ ಹೋಗಿ ಬರಬೇಕು, ಮತ್ತೆ ಊರ ಅಗಸಿ ಬಾಗಿಲ ತನಕ ಓಡಬೇಕು. ಸೈಕಲ್ಲು, ಓಟ ನನಗೇನು ಮಹಾ? ಆದರೆ ಖಣಿ ಅದೇ ಖಣಿ. ಆದರೂ ಹೆಸರು ಕೊಟ್ಟೆ. ಈಗಲೂ ದಾಟದಿದ್ದರೆ ಇನ್ನು ಈ ಜನ್ಮದಲ್ಲಿ ಇಲ್ಲ ಎನಿಸಿತ್ತು.

ಅವ್ವನಿಗೆ ತಿಳಿದಾಗ ಒಲೆಯ ಮುಂದಿನಿಂದ ಎದ್ದೇ ಬಂದಳು. "ಒಬ್ಬಾಕಿನ್ನ ಮಣ್ಣಿಗಿ ಕೊಟ್ಟೀನಿ. ನಿನ್ನ ನೀರಿಗಿ ಕೊಡ್ಲೇನು?" ಮೂರನೆಯ ದಿನ ರೊಟ್ಟಿ ಹಾಕುತ್ತಾ, "ಆಚಿ ದಂಡಿಗಿ ನಾ ನಿಂತಿರ್ತೀನಿ. ನನ್ನ ಕಣ್ಣಿಗಿ ಕಾಣೂಹಂಗ ಬಾ" ಎಂದಳು.

ಸೀಟಿ ಊದಿದರು. ಎಲ್ಲರೂ ನನ್ನನ್ನು ಬಿಟ್ಟು ಮುಂದೆ ಹೋದರು. ನಡುನೀರಿಗೆ ಬಂದಾಗ ದಮ್ಮು ಹತ್ತಿತು. ಅಂಗಾತ ಮಲಗಿದೆ. ಉಸಿರು ಹದಕ್ಕೆ ಬಂದ ಮೇಲೆ ತಲೆ ಎತ್ತಿದರೆ ಆಚೆ ದಂಡೆಯಲ್ಲಿ ಅವ್ವನ ಕೆಂಪು ಇಳಕಲ್ ಸೀರೆ ಕಂಡಿತು. ಅದನ್ನಷ್ಟೇ ನೋಡುತ್ತಾ ಕೈ ಹಾಕಿದೆ. ಕಾಲಿಗೆ ಕಲ್ಲು ತಾಗಿದಾಗ ಹೊಳೆಯಿತು, ಒಮ್ಮೆಯೂ ಬಲಕ್ಕೆ ಹೊರಳಿ ನೋಡಿರಲಿಲ್ಲ. ನೀನಿಲ್ಲದೆ ಬಂದುಬಿಟ್ಟಿದ್ದೆ. ನೀನು ಕಲಿಸಿದ್ದು ಇದನ್ನೇ ಅಲ್ಲವೇ? ಹಾಗಾದರೆ ಖುಷಿಯಾಗಬೇಕಿತ್ತಲ್ಲ? ಮೊಣಕಾಲುದ್ದ ನೀರಿನಲ್ಲಿ ನಿಂತು ಗಳಗಳ ಅತ್ತೆ.

"ಯಾಕೋ, ಪೆಟ್ಟಾತೇನು?" ಅವ್ವ ಸೆರಗಿನಿಂದ ನನ್ನ ತಲೆ ಒರೆಸತೊಡಗಿದಳು.

"ಅಕ್ಕ ಇದ್ದಿದ್ರ ನನ್ನ ಜೋಡಿ ದಾಟ್ತಿದ್ದಳವ್ವಾ."

"ಆಕಿ ಬಾವ್ಯಾಗಷ್ಟ ಈಸ್ತಿದ್ದಳಲ್ಲೋ."

"ಇಲ್ಲವ್ವಾ. ಪಂಚಮಿಗೊಮ್ಮೆ ಇಲ್ಲೇ ಬರ್ತಿದ್ವಿ. ಆಕಿ ಆ ದಂಡಿಲಿಂದ ಈ ದಂಡಿಗಿ ಬಂದು, ಮತ್ತ ತಿರುಗಿ ಹೋಗ್ತಿದ್ದಳು."

ಬೈಯುತ್ತಾಳೆಂದುಕೊಂಡೆ, ಬೈಯಲಿಲ್ಲ. ಹುಡುಗರು ಸೈಕಲ್ ಹತ್ತಿ ನನ್ನ ಹೆಸರು ಹಿಡಿದು ಕೂಗಿದರು. ನಾನು ಹೋಗಲಿಲ್ಲ, ಅವ್ವನ ಪಕ್ಕ ಕುಳಿತೆ. ಯಾವ ಕಲ್ಲಿನಿಂದ ಇಳಿಯುತ್ತಿದ್ದಳು, ಸೀರೆ ಕಾಲಿಗೆ ತೊಡರುತ್ತಿರಲಿಲ್ಲವೇ, ನಡುವೆ ಎಲ್ಲಾದರೂ ನಿಲ್ಲುತ್ತಿದ್ದಳೇ, ಎಲ್ಲ ಕೇಳಿದಳು. ಕೈ ಮಾಡಿ ತೋರಿಸುತ್ತಾ ಎಲ್ಲ ಹೇಳಿದೆ. ಅವ್ವ ಆ ದಂಡೆಯಿಂದ ಈ ದಂಡೆಗೆ ನಿಧಾನವಾಗಿ ಕಣ್ಣು ಹಾಯಿಸಿದಳು.

"ಇಷ್ಟು ದೂರ ಈಸ್ತಿದ್ದಳಾ ನನ್ನ ಮಗಳು?" ಎಂದಳು. "ನಾ ಒಮ್ಮೆಯಾದ್ರೂ ನೋಡ್ಬೇಕಿತ್ತಲ್ಲೋ."

ನಿನ್ನ ತಮ್ಮ